ಅಜ್ಜಿಯ ಧೈರ್ಯ

ರಾಮನಗರದಲ್ಲಿ ಬಸ್ಸು ನಿಧಾನವಾದರೆ ಸಾಕು, ರೇಷ್ಮೆಗೂಡು ಬೇಯುವ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಪಕ್ಕದವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಇನ್ನಷ್ಟು ಉಸಿರೆಳೆದುಕೊಳ್ಳುತ್ತೇನೆ, ನೋಡಿದವರು ಏನಾದರೂ ಅಂದುಕೊಳ್ಳಲಿ. ಆ ಬಿಸಿ ಹಬೆಯ ಕಮಟು ವಾಸನೆಯೇ ನನ್ನ ತಾತನ ಮನೆ. ಹಿತ್ತಲಲ್ಲಿ ಗೂಡಿನಿಂದ ನೂಲು ಬಿಚ್ಚುವ ಷೆಡ್ಡು, ನಡುಮನೆಯ ಗೋಡೆಯಲ್ಲಿ ಶಿಲುಬೆ, ಬಿಸಿನೀರಲ್ಲಿ ಅದ್ದಿ ಅದ್ದಿ ಸುಕ್ಕಾದ ಅಜ್ಜಿಯ ಬೆರಳು. ನಿಮಗೂ ಅಂಥದ್ದೊಂದು ಮನೆ ಇದ್ದಿರಬೇಕು. ಇಲ್ಲವಾದ ಮೇಲೆ ಅದರ ಕೆಟ್ಟ ವಾಸನೆಯೂ ಬೇಕೆನಿಸುತ್ತದೆ.

ಪ್ರತಿ ಸಂಜೆ ಚಾಪೆ ಹಾಸಿ ಪ್ರಾರ್ಥನೆ. ಕೊನೆಯಲ್ಲಿ ಒಬ್ಬೊಬ್ಬರೂ ಬೈಬಲಿನ ಒಂದೊಂದು ವಚನ ಹೇಳಬೇಕಿತ್ತು. ಅತಿ ಚಿಕ್ಕದನ್ನು ನಾನು ಮೊದಲೇ ಹುಡುಕಿಟ್ಟುಕೊಂಡಿರುತ್ತಿದ್ದೆ. ನನ್ನ ನಂತರ ದಾನಿಯೇಲ ಚಿಕ್ಕಪ್ಪನ ಸರದಿ. ಚರ್ಚಿನಲ್ಲಿ ಅವನಷ್ಟು ಚೆನ್ನಾಗಿ ಹಾಡುವವರೇ ಇರಲಿಲ್ಲವಂತೆ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವನು ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಮನೆಯ ಪ್ರಾರ್ಥನೆಗೆ ಮಾತ್ರ ಬಂದು ಗೋಡೆಗೊರಗಿ ಸುಮ್ಮನೆ ಕೂರುತ್ತಿದ್ದ. ತಾತ ಅವನನ್ನು ಬೈಯುತ್ತಲೂ ಇರಲಿಲ್ಲ, ಬಿಟ್ಟು ಮುಂದಕ್ಕೆ ಹೋಗುತ್ತಲೂ ಇರಲಿಲ್ಲ. ಕಾಯುತ್ತಿದ್ದ. ಆ ಮೌನದಲ್ಲಿ ಎಂಜಲು ನುಂಗುವುದಕ್ಕೂ ನನಗೆ ಹೆದರಿಕೆ. ಆಮೇಲೆ ಊಟಕ್ಕೆ ಕೂತರೆ ತಾತ ಅಜ್ಜಿಯ ವಾದ ಶುರು.

“ಕೊನೇಗಂಟ ತಾಳ್ಕೊಂಡವ್ನಿಗೇ ರಕ್ಷಣೆ ಅಂತ ಬರ್ದೈತೆ. ಇವ್ನು ಮಧ್ಯದಲ್ಲೇ ಬುಟ್ಬುಟ್ಟ. ಇವ್ನಿಗೆಲ್ಲಿ ಸ್ವರ್ಗ?” ಅನ್ನುತ್ತಿದ್ದ ತಾತ.

“ಇವ್ನು ಬುಟ್ರೇನು? ಹಿಡ್ಕೊಂಡಿರೋ ಕೈ ಬುಟ್ಟೈತಾ? ನನ್ನ ಕೈಯಿಂದ ಯಾರೂ ಕಿತ್ಕೊಳಕ್ಕಾಗಲ್ಲ ಅಂತ ಯೇಸಪ್ಪನೇ ಹೇಳವ್ನೆ,” ಎಂದು ಅಜ್ಜಿ ತಾತನ ತಟ್ಟೆಗೆ ಮುದ್ದೆ ಹಾಕುತ್ತಿದ್ದಳು.

ಚಿಕ್ಕಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ, ಬೇರೆ ಯಾರದೋ ವಿಚಾರ ಎನ್ನುವಂತೆ.

ಒಂದು ಮಳೆಗಾಲ ಅವನಿಗೆ ಕಾಮಾಲೆ ಹಿಡಿಯಿತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು ಆಸ್ಪತ್ರೆಯವರು. ಅಲ್ಲಿಗೆ ಆ ವಾದ ಊಟದ ಹೊತ್ತಿನ ಮಾತಾಗಿ ಉಳಿಯಲಿಲ್ಲ. ತಾತ ಮಂಚದ ಪಕ್ಕ ಕೂತು ಗೋಗರೆಯುತ್ತಿದ್ದ: “ನಂಬ್ತೀನಿ ಅಂತ ಒಂದ್ಮಾತು ಅನ್ನು ಮಗಾ. ಒಂದೇ ಮಾತು.”

“ಸುಳ್ಳು ಹೇಳ್ಕೊಂಡು ಹೋಗ್ಲಾ ಅಪ್ಪಾ?” ಎಂದ ಚಿಕ್ಕಪ್ಪ. ಅವನ ಕಣ್ಣು ಅರಿಸಿನದಷ್ಟು ಹಳದಿಯಾಗಿತ್ತು.

ಅಜ್ಜಿ ತಾತನ ರಟ್ಟೆ ಹಿಡಿದು ಎಬ್ಬಿಸಿದಳು. “ಅವ್ನ ತಂಟೆಗೆ ಬರ್ಬೇಡಿ. ನಂಗೆ ಒಸೀನೂ ಭಯ ಇಲ್ಲ.” ಅವಳು ಹಾಗೆ ಹೇಳಿದ್ದಕ್ಕೇ ನಾವೆಲ್ಲ ಉಸಿರಾಡಿದೆವು.

ಚಿಕ್ಕಪ್ಪ ಹೋಗಿದ್ದು ಒಂದು ಬೆಳಿಗ್ಗೆ. ಬೇಯುವ ಗೂಡನ್ನು ಹಾಗೇ ಬಿಟ್ಟರೆ ನೂಲು ಹಾಳು. ಕೆಲಸದವರು ಬಂದಿರಲಿಲ್ಲವೆಂದು ತಾತ, ಅಜ್ಜಿ ಇಬ್ಬರೂ ಷೆಡ್ಡಿನಲ್ಲಿದ್ದರು. ಗಾಳಿ ಬೀಸುತ್ತಾ ನಾನೊಬ್ಬಳೇ ಕೂತಿದ್ದೆ. ಚಿಕ್ಕಪ್ಪ ನೀರು ಕೇಳಿದ. ಚಮಚದಲ್ಲಿ ಕುಡಿಸಿದೆ. ಆಮೇಲೆ ಅವನ ಎದೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ತಾತ ಎಲ್ಲರೆದುರೇ ಕೇಳಿದ, ಕೊನೆಗೆ ಏನಂದ ಅಂತ. “ನೀರು ಅಂದ,” ಎಂದೆ. ತಾತ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಬಂದವರೆಲ್ಲ ಹೋದ ಮೇಲೆ ಅಜ್ಜಿ ನನ್ನನ್ನು ಷೆಡ್ಡಿನ ಹಿಂದಕ್ಕೆ ಕರೆದೊಯ್ದು ಭುಜ ಹಿಡಿದುಕೊಂಡಳು.

“ನಂಗೊಬ್ಳಿಗೆ ಹೇಳು. ಬೇರೆ ಏನೂ ಅನ್ಲಿಲ್ವಾ? ಯೇಸಪ್ಪಾ ಅಂತಾನಾದ್ರೂ?”

“ಇಲ್ಲಜ್ಜಿ.”

ಅವಳ ಮುಖ ನೋಡಲು ನನಗೆ ಆಗಲಿಲ್ಲ. ಚಿಕ್ಕಪ್ಪ ಸತ್ತಾಗಲೂ ಬಾರದ ಭಯ ಆಗ ಬಂತು. ಅವಳೇ ಕಣ್ಣೊರೆಸಿಕೊಂಡು, “ನಾನು ಕೇಳ್ದೆ ಅಂತ ನಿಮ್ಮ ತಾತಂಗೆ ಹೇಳ್ಬೇಡ ಕಣವ್ವಾ,” ಎಂದಳು.

ನಾನು ಹೇಳಲಿಲ್ಲ. ಈಗ ಆ ಮನೆಯೂ ಇಲ್ಲ, ಅವರಿಬ್ಬರೂ ಇಲ್ಲ. ಆದರೆ ತಾತ ಬದುಕಿದ್ದಷ್ಟು ದಿನವೂ ಸಂಜೆ ಜಗಲಿಯಲ್ಲಿ ಕೂತು ನನಗೆ ಹೇಳುತ್ತಿದ್ದುದು ಒಂದೇ ಮಾತು: “ಅವ್ನು ಎಲ್ಲವ್ನೋ ನಂಗೆ ಗೊತ್ತಿಲ್ಲ ಮಗಾ. ಆದ್ರೆ ನಿಮ್ಮಜ್ಜಿಗೆ ಒಸೀನೂ ಭಯ ಇಲ್ಲ. ನಂಗಷ್ಟು ಸಾಕು.”

ಒಳಗೆ ಅಜ್ಜಿ ಪಾತ್ರೆ ತೊಳೆಯುವ ಸದ್ದು ನಿಂತುಹೋಗುತ್ತಿತ್ತು. ನಾನು ಹೂಂ ಅನ್ನುತ್ತಿದ್ದೆ.