ಕರಡಿ ಬಂದ ಬೆಳಿಗ್ಗೆ

ಹಿರಿಯೂರು ಕಡೆಯ ಗೊಲ್ಲರ ಹಟ್ಟಿಯೊಂದರಿಂದ ಚಿತ್ರದುರ್ಗದ ಫಾದರ್‌ಗಳ ಹುಡುಗರ ಹೈಸ್ಕೂಲಿಗೆ ಬಂದು ಸೇರಿದ ಮೊದಲಿಗ ಜುಂಜೇಶ. ಅಪ್ಪ ಕಾಟಯ್ಯನಿಗೆ ಕುರಿಮಂದೆಯೇ ಪ್ರಪಂಚ. ಮಗ ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೇ ಹೋಗಬೇಕೆಂದು ಹಟ ಹಿಡಿದವಳು ಅವ್ವ ಮುದ್ದಕ್ಕ. ಜೂನ್ ತಿಂಗಳಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯ ಜೊತೆ ಹುಡುಗನನ್ನು ಹಾಸ್ಟೆಲ್ಲಿನಲ್ಲಿ ಬಿಟ್ಟು ಇಬ್ಬರೂ ಬಸ್ಸು ಹತ್ತಿದರು.

ಮೊದಲ ವಾರವೆಲ್ಲ ಅವನು ಬಾಯಿ ತೆರೆದುಕೊಂಡೇ ಓಡಾಡಿದ. ಬೆಳಿಗ್ಗೆ ಪ್ರಾರ್ಥನೆ ಇಂಗ್ಲಿಷಿನಲ್ಲಿ. ಕ್ರೈಸ್ತರ ಹುಡುಗರು ಹಣೆ, ಎದೆ, ಭುಜ ಮುಟ್ಟಿಕೊಳ್ಳುವುದನ್ನು ನೋಡಿ ಅವನೂ ಮುಟ್ಟಿಕೊಂಡ, ಅದೂ ಎಡಗೈಯಲ್ಲಿ. ಪಕ್ಕದಲ್ಲಿದ್ದವರು ನಕ್ಕರು. ಹೆಡ್‌ಮಾಸ್ಟರ್ ಫಾದರ್ ಇನ್ನಾಸಪ್ಪನವರು ಬಿಳಿ ನಿಲುವಂಗಿಯಲ್ಲಿ ಕ್ಲಾಸಿಗೆ ಬಂದು ಏನಾದರೂ ಕೇಳುವುದಿದ್ದರೆ ಕೇಳಿ ಎಂದಾಗ ಜುಂಜೇಶ ಎದ್ದು ನಿಂತು, "ಮದ್ವೆ ಆಗ್ದೇ ಇರೋರನ್ನ ಫಾದರ್ ಅಂತ ಯಾಕೆ ಕರೀಬೇಕ್ರಿ?" ಎಂದು ಕೇಳಿಬಿಟ್ಟ. ಫಾದರ್ ಕನ್ನಡಕ ತೆಗೆದು ಒರೆಸಿಕೊಂಡು, "ಇಷ್ಟು ಮಕ್ಕಳನ್ನ ಸಾಕ್ತಾ ಇದ್ದೀನಲ್ಲಪ್ಪ, ಇನ್ನೇನಂತ ಕರೀತೀಯ?" ಎಂದರು. ಅವತ್ತಿನಿಂದ ಎಂಟನೇ ‘ಎ’ಯಲ್ಲಿ ಜುಂಜೇಶ ಯಾರೆಂದು ಗೊತ್ತಿಲ್ಲದವರು ಉಳಿಯಲಿಲ್ಲ.

ಅವನ ಬೆಂಚಿನ ಗೆಳೆಯ ಸುದೀಪ ಹೊಸದುರ್ಗದವನು. ತಾಯಿ ಶೋಭಾರಾಣಿ ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ನೌಕರಿಯಲ್ಲಿದ್ದರು, ತಂದೆ ಇಲ್ಲ. ಸುದೀಪ ಇಂಗ್ಲಿಷ್ ಚೆನ್ನಾಗಿ ಓದುತ್ತಿದ್ದ, ಲೆಕ್ಕದಲ್ಲಿ ಎಡವುತ್ತಿದ್ದ. ಜುಂಜೇಶನದು ತದ್ವಿರುದ್ಧ. ಹೀಗಾಗಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ನಡೆಯುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಫುಟ್‌ಬಾಲ್ ಆಡುವಾಗ ಸುದೀಪನ ಕಾಲಿನ ಮೂಳೆ ಬಿರುಕು ಬಿಟ್ಟು, ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ಹಾಸ್ಟೆಲ್ಲಿನಿಂದ ಕ್ಲಾಸಿಗೆ, ಕ್ಲಾಸಿನಿಂದ ಊಟದ ಮನೆಗೆ ಅವನನ್ನು ಬೆನ್ನ ಮೇಲೆ ಹೊತ್ತು ತಿರುಗಿದವನು ಜುಂಜೇಶ. "ಕುರಿಮರಿ ಹೊತ್ತು ರೂಢಿ ಐತೆ, ನೀನೇನ್ ಭಾರ ಬಿಡಲೇ," ಎನ್ನುತ್ತಿದ್ದ.

ಆ ಬೆಳಿಗ್ಗೆ ಮೊದಲ ಪೀರಿಯಡ್ಡೇ ಡ್ರಿಲ್. ಮೇಷ್ಟ್ರು ಮೂರ್ತಪ್ಪ ಹುಡುಗರನ್ನು ಮೈದಾನದ ಆ ತುದಿಗೆ ಓಡಿಸುತ್ತಿದ್ದರು. ಈ ತುದಿಯಲ್ಲಿ, ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಪ್ಲಾಸ್ಟರಿನ ಕಾಲು ಚಾಚಿ ಸುದೀಪ ಕುಳಿತಿದ್ದ. ಮೇಷ್ಟ್ರ ಅಪ್ಪಣೆ ಪಡೆದು ಜುಂಜೇಶ ಪಕ್ಕದಲ್ಲಿದ್ದ. ಇಬ್ಬರೂ ಇಂಗ್ಲಿಷ್ ಪದ್ಯವೊಂದನ್ನು ಬಾಯಿಪಾಠ ಮಾಡುತ್ತಿದ್ದರು. ಬೀದಿನಾಯಿಗಳು ಒಟ್ಟಾಗಿ ಬೊಗಳುವ ಸದ್ದು ಹಿಂದಿನ ಗೋಡೆಯಾಚೆಯಿಂದ ಕೇಳಿಸಿತು. ಆ ಗೋಡೆ ಮಳೆಗೆ ಒಂದು ಕಡೆ ಕುಸಿದಿತ್ತು. ಕುಸಿದ ಜಾಗದಿಂದ ಕರ್ರಗಿನದೊಂದು ಒಳಕ್ಕೆ ಉರುಳಿ, ಎದ್ದು, ಮೈ ಕೊಡವಿಕೊಂಡಿತು. ಊರ ಪಕ್ಕದ ಗುಡ್ಡದಲ್ಲಿ ಸೀತಾಫಲ ಹಣ್ಣಾಗುವ ಕಾಲ. ರಾತ್ರಿ ಕೆಳಗಿಳಿದ ಕರಡಿ ಬೆಳಕಾದ ಮೇಲೂ ದಾರಿ ಸಿಗದೆ ನಾಯಿಗಳ ಬಾಯಿಗೆ ಸಿಕ್ಕಿ ಹುಚ್ಚೆದ್ದಿತ್ತು.

ಜುಂಜೇಶ ಎದ್ದ. ಸುದೀಪ ಬೆನ್ನೇರಲು ಎಂದಿನಂತೆ ಎರಡೂ ಕೈ ಮುಂದೆ ಚಾಚಿದ. ಜುಂಜೇಶ ಆ ಕೈಗಳನ್ನು ನೋಡಿದ, ಕರಡಿಯನ್ನು ನೋಡಿದ. ಮುಂದೆ ತನಗೆ ಅರಿವಾಗುವಷ್ಟರಲ್ಲಿ ಅವನ ಕಾಲು ಓಡುತ್ತಿತ್ತು.

ಹತ್ತಿರದಲ್ಲಿ ಇದ್ದದ್ದು ಚಾಪೆಲ್, ಫಾದರ್‌ಗಳ ಪುಟ್ಟ ಪ್ರಾರ್ಥನಾ ಮಂದಿರ. ಒಳನುಗ್ಗಿ, ಬಾಗಿಲು ಎಳೆದುಕೊಂಡು, ಚಿಲಕವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಹೊರಗೆ ಕಿರುಚಾಟ. ವಿಸಿಲ್ಲಿನ ಸದ್ದು. ಒಳಗೆ ಮೇಣದ ವಾಸನೆ. ಗದ್ದಲಕ್ಕೆ ಪಕ್ಕದ ಕೋಣೆಯಿಂದ ಫಾದರ್ ಇನ್ನಾಸಪ್ಪ ಹೊರಬಂದರು. "ಏನೋ?" ಎಂದರು. ಅವನ ಬಾಯಿಂದ ಹೊರಟದ್ದು "ಕರಡಿ, ಸುದೀಪ" ಎಂಬ ಎರಡೇ ಮಾತು. ಅವರು ಅವನ ಕೈಯನ್ನು ಚಿಲಕದಿಂದ ಬಿಡಿಸಿ ಹೊರಗೆ ಓಡಿದರು.

ಅವನು ಹೊರಬಂದಾಗ ಎಲ್ಲ ಮುಗಿದಿತ್ತು. ಮೂರ್ತಪ್ಪ ಮೇಷ್ಟ್ರು ವಿಸಿಲ್ ಊದುತ್ತಾ ಜಾವೆಲಿನ್ ಕೋಲು ಬೀಸುತ್ತಾ ಓಡಿಬಂದದ್ದಕ್ಕೆ ಕರಡಿ ಸೈಕಲ್ ಸ್ಟ್ಯಾಂಡಿನೊಳಗೆ ಹೊಕ್ಕಿತ್ತು. ಮಧ್ಯಾಹ್ನದ ಹೊತ್ತಿಗೆ ಅರಣ್ಯ ಇಲಾಖೆಯವರು ಮತ್ತಿನ ಸೂಜಿ ಹೊಡೆದು ಅದನ್ನು ಬೋನಿನಲ್ಲಿ ಒಯ್ದರು. ಆದರೆ ಬೇವಿನ ಮರದ ಕೆಳಗೆ ಸುದೀಪ ಮಗ್ಗುಲಾಗಿ ಬಿದ್ದಿದ್ದ. ಬಿಳಿ ಶರ್ಟಿನ ಬಲ ಭುಜ ಹರಿದು, ಶರ್ಟಾವುದು ಮಾಂಸವಾವುದು ಗೊತ್ತಾಗುತ್ತಿರಲಿಲ್ಲ. ಕಣ್ಣು ತೆರೆದೇ ಇದ್ದವು. ಮೇಷ್ಟ್ರು ಅವನನ್ನು ಎತ್ತಿಕೊಂಡು ಫಾದರ್ ಜೀಪಿನತ್ತ ಓಡುವಾಗ ಆ ಕಣ್ಣು ಜುಂಜೇಶನ ಮೇಲೆ ಹಾದುಹೋದವು.

ಮಾರನೆಯ ದಿನದ ಪ್ರಾರ್ಥನೆಯಲ್ಲಿ ಫಾದರ್, ಸುದೀಪನ ಜೀವಕ್ಕೆ ಅಪಾಯವಿಲ್ಲ ಎಂದು ತಿಳಿಸಿದರು. ಆಮೇಲೆ, "ನಮ್ಮ ಎಂಟನೇ ಕ್ಲಾಸಿನ ಜುಂಜೇಶ ಧೈರ್ಯಗೆಡದೆ ಓಡಿಬಂದು ನನ್ನನ್ನು ಕರೆದ. ಅವನಿಗೊಂದು ಚಪ್ಪಾಳೆ," ಎಂದರು. ಇಡೀ ಶಾಲೆ ಚಪ್ಪಾಳೆ ತಟ್ಟಿತು. ಯಾರನ್ನು ಹೊಗಳುತ್ತಿದ್ದಾರೆಂದು ಅವನು ನಿಜಕ್ಕೂ ಒಂದು ಗಳಿಗೆ ಹಿಂದೆ ತಿರುಗಿ ನೋಡಿದ. ಹುಡುಗರು ಬೆನ್ನು ತಟ್ಟಿದರು. ಹಾಸ್ಟೆಲ್ಲಿನಲ್ಲಿ ಅಡುಗೆಯ ಚಂದ್ರಕ್ಕ ಅವನ ತಟ್ಟೆಗೆ ಎರಡು ಮೊಟ್ಟೆ ಹೆಚ್ಚಿಗೆ ಹಾಕಿದಳು. ಅವನು ಅವನ್ನು ಪಕ್ಕದವನ ತಟ್ಟೆಗೆ ದಾಟಿಸಿದ.

ತಿಂಗಳ ಮೊದಲ ಶುಕ್ರವಾರ ಕ್ರೈಸ್ತರ ಹುಡುಗರು, ಜಾಲರಿಯ ಮರೆಯಲ್ಲಿ ಫಾದರ್ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆಂದು ಚಾಪೆಲ್ಲಿನ ಮುಂದೆ ಸಾಲು ನಿಲ್ಲುತ್ತಿದ್ದರು. ಜುಂಜೇಶ ಸಾಲಿನ ಕೊನೆಯಲ್ಲಿ ಹೋಗಿ ನಿಂತ. ಅವನ ಸರದಿ ಬಂದಾಗ ಫಾದರ್ ಜಾಲರಿಯ ಆಚೆಯಿಂದ ಧ್ವನಿ ಗುರುತಿಸಿ ಎದ್ದು ಬಂದರು. "ಇದು ನಮ್ಮ ಧರ್ಮದವರ ಪದ್ಧತಿ ಕಣಪ್ಪ, ನಿನಗೆ ಬೇಡ. ಬಾ, ಹೊರಗೆ ಮೆಟ್ಟಿಲ ಮೇಲೆ ಕೂತು ಮಾತಾಡೋಣ."

ಅವನು ಹೇಳಿದ. "ನಾನು ನಿಮ್ಮನ್ನ ಕರಿಯಾಕೆ ಬರ್ಲಿಲ್ರಿ. ಬಚ್ಚಿಟ್ಕೊಳ್ಳಾಕೆ ಬಂದೆ. ನೀವು ಅಲ್ಲಿದ್ದದ್ದೂ ನಂಗೆ ಗೊತ್ತಿರ್ಲಿಲ್ಲ."

ಫಾದರ್ ಮೈದಾನದ ಕಡೆ ನೋಡಿದರು. ಅವರ ಮುಖ ಬಿಳುಚಿಕೊಂಡಿತ್ತು. "ವಿಚಾರಿಸದೆ ಹೊಗಳಿದ್ದು ನನ್ನ ತಪ್ಪು, ಸುದೀಪ ವಾಪಸ್ ಬಂದ ಮೇಲೆ ಅದನ್ನ ನಾನು ಸರಿಮಾಡ್ತೀನಿ. ನೀನು ಹೇಳಬೇಕಾದ್ದು ನನಗಲ್ಲ. ಸುದೀಪನಿಗೆ."

ಆ ಭಾನುವಾರ ಕಾಟಯ್ಯ ಮಗನನ್ನು ನೋಡಲು ಬಂದಿದ್ದ. ಮಗನ ಸಾಹಸದ ಸುದ್ದಿ ಹಟ್ಟಿಗೂ ಮುಟ್ಟಿತ್ತು. ಒಗೆದ ಪಂಚೆ ಉಟ್ಟು, ಹೊಸ ಟವಲು ಹೊದ್ದಿದ್ದ. "ಹೊಸದುರ್ಗಕ್ಕೆ ಹೋಗಾಣಪ್ಪ," ಎಂದು ಮಗ ಕೇಳಿದಾಗ ಕಾರಣ ಕೇಳದೆ ಬಸ್ಸು ಹತ್ತಿದ.

ಆಸ್ಪತ್ರೆಯಿಂದ ಸುದೀಪನನ್ನು ಮನೆಗೆ ಕರೆತಂದಿದ್ದ ಶೋಭಾರಾಣಿಯವರು ಬಾಗಿಲಲ್ಲೇ ಕಾಟಯ್ಯನ ಎರಡೂ ಕೈ ಹಿಡಿದುಕೊಂಡರು. "ಬರ್ರಿ, ಒಳಗೆ ಬರ್ರಿ, ಕುಂತ್ಕಳ್ರಿ. ನಿಮ್ಮ ಮಗ ಇಲ್ದಿದ್ರೆ ನನ್ನ ಮಗ ಇರ್ತಿರ್ಲಿಲ್ಲ." ಒಳಗಿನಿಂದ ಒಬ್ಬಟ್ಟು, ತುಪ್ಪ ಬಂತು. ಸುದೀಪ ಮಂಚದ ಮೇಲೆ ದಿಂಬಿಗೆ ಒರಗಿದ್ದ. ಭುಜದಿಂದ ಮೊಣಕೈವರೆಗೆ ಬ್ಯಾಂಡೇಜು. ಅವನು ಗೆಳೆಯನನ್ನು ನೋಡಿ ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ.

ಜುಂಜೇಶ ಕೂರಲಿಲ್ಲ. ನಿಂತೇ, ತಾನು ಓಡಿದ್ದನ್ನು, ಬಚ್ಚಿಟ್ಟುಕೊಂಡದ್ದನ್ನು ಹೇಳಿದ. ಅವನು ಹೇಳುತ್ತಿದ್ದಂತೆ ಶೋಭಾರಾಣಿಯವರ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಓರೆಯಾಗಿ ತುಪ್ಪ ಸೀರೆಯ ಮೇಲೆ ಸುರಿಯತೊಡಗಿದ್ದು ಅವರಿಗೇ ಗೊತ್ತಾಗಲಿಲ್ಲ. ಕಾಟಯ್ಯ ಬಾಯಿಗಿಟ್ಟ ತುತ್ತನ್ನು ಅಗಿಯದೆ ಮಗನನ್ನೇ ನೋಡುತ್ತ ಕುಳಿತ.

"ನಂಗೊತ್ತು," ಎಂದ ಸುದೀಪ. "ನೀನು ಚಾಪೆಲ್ ಒಳಗೆ ಹೋಗಿದ್ದು ನೋಡ್ದೆ. ನಿನ್ನ ಹೆಸರು ಹಿಡಿದು ಕೂಗ್ದೆ. ಬಾಗಿಲು ಹಾಕಿತ್ತಲ್ಲ, ನಿಂಗೆ ಕೇಳಿಸ್ಲಿಲ್ಲ ಅನ್ಸುತ್ತೆ."

ಜುಂಜೇಶ ತಲೆ ತಗ್ಗಿಸಿದ. ಗೊತ್ತಿದ್ದೂ ಇವನು ಇಷ್ಟು ದಿನ ತಾಯಿಗೂ ಹೇಳಲಿಲ್ಲವಲ್ಲ ಎಂಬುದೇ ಅವನನ್ನು ಅಲ್ಲಾಡಿಸಿಬಿಟ್ಟಿತ್ತು. ಶೋಭಾರಾಣಿ ಒಳಗೆ ಹೋದವರು ಮತ್ತೆ ಈಚೆಗೆ ಬರಲಿಲ್ಲ.

ವಾಪಸ್ಸು ಬಸ್ಸಿನಲ್ಲಿ, ತೆಂಗಿನ ತೋಟಗಳೆಲ್ಲ ಹಿಂದಾದ ಮೇಲೆ ಕಾಟಯ್ಯ ಬಾಯಿ ಬಿಟ್ಟ. "ನೀನು ನಿಂತಿದ್ರೆ ಇವತ್ತು ನಾನು ಯಾರ್ನ ನೋಡಾಕೆ ಬರ್ತಿದ್ದೆ ಹೇಳು." ಕಿಟಕಿ ಕಡೆ ತಿರುಗಿ, "ಹಂಗಂತ ಆ ತಾಯಿ ಮುಂದೆ ಹೆಂಗೆ ಹೇಳ್ಲಿ," ಎಂದು ಟವಲಿನಲ್ಲಿ ಮುಖ ಒರೆಸಿಕೊಂಡ. ಅಪ್ಪ ಅಳುವುದನ್ನು ಜುಂಜೇಶ ಅದುವರೆಗೆ ನೋಡಿರಲಿಲ್ಲ.

ದಸರಾ ರಜೆ ಮುಗಿದು ಸುದೀಪ ಶಾಲೆಗೆ ಬಂದ. ಪ್ಲಾಸ್ಟರ್ ಬಿಚ್ಚಿದ್ದರು. ಬೇರೆ ಬೆಂಚಿನಲ್ಲಿ ಕುಳಿತ. ಮೇಷ್ಟ್ರು ಬರುವುದು ತಡವಾದ ಒಂದು ಪೀರಿಯಡ್ಡಿನಲ್ಲಿ ಹುಡುಗರು ಅವನನ್ನು ಮುತ್ತಿಕೊಂಡರು. ಗಾಯ ತೋರಿಸು ಎಂದರು, ಕರಡಿ ಹೇಗಿತ್ತು ಹೇಳು ಎಂದರು. ಮಾನಿಟರ್ ರಂಗೇಶ, "ಜುಂಜೇಶ ಫಾದರ್‌ನ ಕರ್ಕೊಂಡು ಬಂದ್ನಲ್ಲ, ಅದಕ್ಕೇ ಉಳ್ಕಂಡೆ ಕಣಲೇ," ಎಂದ. ಸುದೀಪ ಒಮ್ಮೆ ಜುಂಜೇಶನ ಕಡೆ ನೋಡಿ, "ಹೂಂ," ಎಂದುಬಿಟ್ಟ.

"ಇಲ್ಲ," ಎಂದು ಜುಂಜೇಶ ಎದ್ದ. "ನಾನು ಇವನ್ನ ಬಿಟ್ಟು ಓಡಿಹೋಗಿ ಬಚ್ಚಿಟ್ಕಂಡಿದ್ದೆ."

ರಂಗೇಶನ ಮುಖ ಕೆಂಪಾಯಿತು. "ನಾನು ಟಾಯ್ಲೆಟ್ ಮೇಲಿನ ಟ್ಯಾಂಕ್ ಹತ್ತಿ ಕುಂತಿದ್ದೆ," ಎಂದ ಮೆಲ್ಲಗೆ. ಇನ್ನೊಬ್ಬ, ತಾನು ಗೇಟು ದಾಟಿ ಬಸ್‌ಸ್ಟ್ಯಾಂಡಿನವರೆಗೆ ಓಡಿ, ಹೊಳಲ್ಕೆರೆ ಬಸ್ಸು ಹತ್ತಿದ್ದನ್ನು ಒಪ್ಪಿಕೊಂಡ. ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಸುದೀಪನೂ ನಕ್ಕ, ನಗುವಾಗ ಭುಜ ನೊಂದು ಕೈ ಹಿಡಿದುಕೊಂಡ. ಜುಂಜೇಶ ಒಬ್ಬನೇ ನಗಲಾರದೆ ನಿಂತಿದ್ದ. ಇವರೆಲ್ಲ ಓಡಿದ್ದಾರೆ, ನಿಜ. ಇವರತ್ತ ಯಾರೂ ಕೈ ಚಾಚಿರಲಿಲ್ಲ.

ಈಗ ಇಬ್ಬರೂ ಒಂಬತ್ತನೇ ಕ್ಲಾಸಿನಲ್ಲಿದ್ದಾರೆ. ಸುದೀಪನ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಇಬ್ಬರೂ ಮಾತಾಡುತ್ತಾರೆ, ಒಬ್ಬರಿಗೊಬ್ಬರು ಲೆಕ್ಕ, ಇಂಗ್ಲಿಷ್ ಹೇಳಿಕೊಡುತ್ತಾರೆ, ಒಟ್ಟಿಗೆ ಕೂರುವುದಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ ಚಾಪೆಲ್ಲಿನ ಮುಂದೆ ಹೋಗುತ್ತಿದ್ದಾಗ ಸುದೀಪ ತಟ್ಟನೆ ನಿಂತು ಕೇಳಿದ: "ಅವತ್ತು ಒಳಗೆ ಏನ್ ಮಾಡ್ತಿದ್ದೆ?"

"ಚಿಲಕ ಹಿಡ್ಕಂಡು ನಿಂತಿದ್ದೆ." ಈ ಸಲ ಬಿಟ್ಟರೆ ಇನ್ನು ಹೇಳಲಾರೆ ಎಂದು ಜುಂಜೇಶನಿಗೆ ಎನಿಸಿತು. "ನೀನು ಕೂಗಿದ್ದು ಕೇಳಿಸ್ತು."

"ಕೇಳಿಸ್ತಾ?"

"ಕೇಳಿಸ್ತು."

ಸುದೀಪನ ಮುಖದ ಬಣ್ಣ ಇಳಿಯಿತು. ಮುಚ್ಚಿದ ಬಾಗಿಲನ್ನು ನೋಡಿದ, ಗೆಳೆಯನನ್ನು ನೋಡಿದ. ಕೊನೆಗೆ, "ನಡಿ, ಊಟಕ್ಕೆ ಬೆಲ್ ಆತು," ಎಂದು ಮುಂದೆ ನಡೆದ. ಜುಂಜೇಶ ಎರಡು ಹೆಜ್ಜೆ ಹಿಂದೆ ಅವನ ಜೊತೆಗೇ ಹೋದ.