ಕುರಿಗೆ ಛತ್ರಿ ಕಟ್ಟಿ ಇಳಿಸಿದ ನರಸಪ್ಪ

ಐ.ಡಿ.ಹಳ್ಳಿ ಕಡೆಯ ಆ ಗೊಲ್ಲರಹಟ್ಟಿಯಿಂದ ಆಕಾಶಕ್ಕೆ ಹಾರಿದವನು ನರಸಪ್ಪ ಒಬ್ಬನೇ. ಆಕಾಶದಿಂದ ಇಳಿದು ಟಿವಿ ಪೆಟ್ಟಿಗೆಯೊಳಗೆ ಹೋಗಿ ಕೂತವನೂ ಅವನೊಬ್ಬನೇ. ಮೊದಲನೆಯದನ್ನು ಹಟ್ಟಿ ಹೇಗೋ ಅರಗಿಸಿಕೊಂಡಿತ್ತು. ಕುರಿ ಕಾಯುವ ಹುಡುಗರೆಲ್ಲ ಮರ ಹತ್ತುತ್ತಾರೆ, ಇವನು ಸ್ವಲ್ಪ ಜಾಸ್ತಿ ಹತ್ತಿದ, ಅಷ್ಟೆ. ಎರಡನೆಯದು ಮಾತ್ರ ಯಾರ ತಲೆಗೂ ಹೋಗಲಿಲ್ಲ. ಯಾಕೆಂದರೆ ನರಸಪ್ಪನಿಗೆ ಮಾತೇ ಬರುತ್ತಿರಲಿಲ್ಲ.

ಹಾಗೆಂದು ಮೂಗನೇನಲ್ಲ. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಸಾಮಾನು ಸಾಗಿಸುವ ವಿಮಾನ ಓಡಿಸಿ ಓಡಿಸಿ ಅವನ ನಾಲಿಗೆ ವೈರ್‌ಲೆಸ್ಸಿಗೆ ಒಗ್ಗಿಹೋಗಿತ್ತು. ಎತ್ತರ ಇಷ್ಟು, ವೇಗ ಇಷ್ಟು, ಮೋಡ ಇದೆ, ಮೋಡ ಇಲ್ಲ. ಅದರಾಚೆಗೆ ಒಂದು ಮಾತು ಆಡಿದರೆ ಪೆಟ್ರೋಲು ಖರ್ಚಾಗುತ್ತದೇನೋ ಎಂಬಂತೆ ಇರುತ್ತಿದ್ದ. ಎಪ್ಪತ್ತೆಂಟನೇ ಇಸವಿಯಲ್ಲಿ ಪಿಂಚಣಿ ತೆಗೆದುಕೊಂಡು ಮಧುಗಿರಿ ಬೆಟ್ಟದ ಬುಡದಲ್ಲಿ ಮನೆ ಮಾಡಿದ. ಹೆಂಡತಿ ಕೊಲ್ಲಾಪುರಮ್ಮ, "ಸಾರು ಹೆಂಗದೆ" ಎಂದು ಕೇಳಿದರೆ, "ಉಪ್ಪು ಸರಿ. ಖಾರ ಸರಿ. ಬಡಿಸು" ಅನ್ನುವನು. ಆ ಮಹಾತಾಯಿ ಅದನ್ನೇ ಹೊಗಳಿಕೆ ಎಂದುಕೊಂಡು ಸಂಸಾರ ತೂಗಿಸಿದಳು.

ಇಂಥವನನ್ನು ಟಿವಿಗೆ ಎಳೆದವನು ಚನ್ನಮಲ್ಲಯ್ಯ. ಸಿರಾದವನು, ಮಧುಗಿರಿ ಹೈಸ್ಕೂಲಿನಲ್ಲಿ ನರಸಪ್ಪನ ಪಕ್ಕದಲ್ಲೇ ಕೂತು ಓದಿದವನು. ಬೆಂಗಳೂರಿನಲ್ಲಿ ಟಿವಿ ಕೇಂದ್ರ ಶುರುವಾದ ಹೊಸದರಲ್ಲೇ ಅಲ್ಲಿ ಕಾರ್ಯಕ್ರಮ ಮಾಡಿಸುವ ಕೆಲಸ ಹಿಡಿದಿದ್ದ. ಸಂಜೆ ಆರೂವರೆಗೆ ಬರುವ ರೈತರ ಕಾರ್ಯಕ್ರಮಕ್ಕೆ ಒಬ್ಬ ನಿರೂಪಕ ಬೇಕಾಗಿದ್ದ. ನರಸಪ್ಪನಿಗೆ ಗಂಟಲು ಚೆನ್ನಾಗಿತ್ತು, ಮೀಸೆ ಚೆನ್ನಾಗಿತ್ತು, ವಿಮಾನ ಓಡಿಸಿದವನು ಎಂಬ ಹೆಸರಿತ್ತು. ಇನ್ನೇನು ಬೇಕು ಎಂದುಕೊಂಡ ಚನ್ನಮಲ್ಲಯ್ಯ. ಬೇಕಾಗಿದ್ದೇನು ಎಂಬುದು ಮೊದಲನೇ ದಿನವೇ ಗೊತ್ತಾಯಿತು.

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದಲ್ಲಿ ಮೊದಲ ಚಿತ್ರೀಕರಣ. ಹೂವು ಬೆಳೆಯುವ ಮುದುಕರೊಬ್ಬರನ್ನು ಬದುವಿನ ಮೇಲೆ ಕೂರಿಸಿದರು. ನರಸಪ್ಪ ಬೆನ್ನು ಸೆಟೆದು ನಿಂತು, "ಹೆಸರು? ಊರು? ಬೆಳೆ? ವಿಸ್ತೀರ್ಣ?" ಎಂದು ಒಂದೇ ಉಸಿರಿಗೆ ಕೇಳಿದ. ಮುದುಕರು ಎದ್ದು ನಿಂತು ಟವೆಲು ಕಂಕುಳಿಗೆ ಸಿಗಿಸಿ, "ನಾನೇನೂ ಮಾಡಿಲ್ಲ ಬುದ್ಧಿ, ಬೇಕಾದ್ರೆ ಪಕ್ಕದ ಹೊಲದೋರ್ನ ಕೇಳಿ" ಅಂದರು. ಸಿರಾ ಕಡೆ ಕಡಲೆಕಾಯಿ ಹೊಲದಲ್ಲಿ ಒಬ್ಬಾಕೆ ಇವನ ಎಲ್ಲ ಪ್ರಶ್ನೆಗೂ 'ಹೂಂ', 'ಊಹೂಂ' ಎರಡರಲ್ಲೇ ಉತ್ತರ ಮುಗಿಸಿದಳು. ಉಳಿದ ಹೊತ್ತು ತುಂಬಲು ಚನ್ನಮಲ್ಲಯ್ಯ ಅಲ್ಲೇ ಕಟ್ಟಿದ್ದ ಎಮ್ಮೆಯನ್ನು ತೋರಿಸಿದ. ಎಮ್ಮೆಯನ್ನು ಜನ ಬಹಳ ಮೆಚ್ಚಿಕೊಂಡರು.

ಕೊನೆಗೊಂದು ದಿನ ಚನ್ನಮಲ್ಲಯ್ಯ ಮಧುಗಿರಿಗೆ ಬಂದು, ಹೋಟೆಲಿನಲ್ಲಿ ಕಾಫಿ ಕುಡಿಸಿ, ಲೋಟ ಕೆಳಗಿಟ್ಟು ಹೇಳಿದ. "ನರಸಪ್ಪ, ಬೇಜಾರು ಮಾಡ್ಕೋಬೇಡ. ಮೇಲಿನೋರು ನಿನ್ನ ಬದಲಾಯಿಸಿ ಅಂತಿದಾರೆ. ಟಿವೀಲಿ ಆ ಮನುಷ್ಯ ಯಾವಾಗ ಗುಂಡು ಹಾರಿಸ್ತಾನೋ ಅಂತ ಭಯ ಆಗುತ್ತೆ ಅಂತ ಜನ ಬರೀತಾರಂತೆ. ಇನ್ನೊಂದು ಸಲ ಮಾಡೋಣ. ಈ ಸಲ ನೀನು ನಗಬೇಕು ಕಣಪ್ಪ. ನಗದಿದ್ರೆ ಮುಂದಿನ ವಾರದಿಂದ ಬೇರೆಯವರು ಬರ್ತಾರೆ."

ಯಾರಿಗೂ ಹೇಳಿರಲಿಲ್ಲ, ಆದರೆ ಈ ಕೆಲಸ ನರಸಪ್ಪನಿಗೆ ಪ್ರಾಣವಾಗಿತ್ತು. ಕ್ಯಾಮೆರಾದ ಮೇಲಿನ ಕೆಂಪು ದೀಪ ಹತ್ತಿದಾಗಲೆಲ್ಲ, ರನ್‌ವೇಯ ತುದಿಯಲ್ಲಿ ಎಂಜಿನ್ನು ಮೊರೆಯುವಾಗ ಆಗುತ್ತಿತ್ತಲ್ಲ, ಆ ಜುಮ್ಮು ಮತ್ತೆ ಆಗುತ್ತಿತ್ತು. ಇದೂ ಹೋದರೆ ಪಿಂಚಣಿದಾರರ ಜೊತೆ ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಮಂಡಿ ನೋವಿನ ಮಾತಾಡಬೇಕು. ಆದರೆ ನಗುವುದು ಎಲ್ಲಿಂದ ಬರಬೇಕು? ಅಪ್ಪ ಕ್ಯಾತಪ್ಪ ತೀರಿಕೊಂಡಾಗ ಅವನು ಅಸ್ಸಾಮಿನಲ್ಲಿದ್ದ. ತಂತಿ ಸಿಕ್ಕಿ ಬರುವಷ್ಟರಲ್ಲಿ ಮಣ್ಣಾಗಿಹೋಗಿತ್ತು. ಯೂನಿಫಾರ್ಮಿನಲ್ಲೇ ಹಟ್ಟಿ ಮುಂದೆ ನೆಟ್ಟ ಕಲ್ಲಿನ ಹಾಗೆ ನಿಂತಿದ್ದು, ಅಳದೆ, ಮಾತಾಡದೆ ವಾಪಸ್ಸು ಹೋಗಿದ್ದ. ಆಮೇಲೆ ಅವನು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

ಆದರೂ ಪಡೆಯಲ್ಲಿದ್ದವನು, ಅಭ್ಯಾಸ ಬಿಡುತ್ತಾನೆಯೇ? ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಹಲ್ಲು ಕಿರಿದ. ಹಿಂದೆ ನಿಂತು ನೋಡುತ್ತಿದ್ದ ಕೊಲ್ಲಾಪುರಮ್ಮ, "ಯಾಕೆ, ರಾತ್ರಿ ತಿಂದಿದ್ದು ಕರಗಿಲ್ವಾ?" ಎಂದು ಕೇಳಿ ಓಮದ ನೀರು ಕಾಯಿಸಲು ಒಳಗೆ ಹೋದಳು.

ಕೊನೆಯ ಅವಕಾಶಕ್ಕೆ ನರಸಪ್ಪ ತನ್ನ ಹಟ್ಟಿಯನ್ನೇ ಆರಿಸಿಕೊಂಡ. ಅಲ್ಲಿ ಅವನ ಅಕ್ಕ ಗಿರಿಯಮ್ಮ ಇದ್ದಳು, ಭಾವ ಬೋರಣ್ಣ ಇದ್ದ, ಬೇಕಾದಷ್ಟು ಕುರಿ ಇದ್ದವು. ಟಿವಿಯವರ ವ್ಯಾನು ಹಟ್ಟಿಯ ಮುಳ್ಳುಬೇಲಿಯ ಹೊರಗೇ ನಿಂತಿತು. ಹಟ್ಟಿಯೊಳಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಚನ್ನಮಲ್ಲಯ್ಯ, ಡೊಳ್ಳುಹೊಟ್ಟೆಯ ಕ್ಯಾಮೆರಾದವನು, ವೈರು ಹಿಡಿದವನು, ಎಲ್ಲರೂ ಬೂಟು ಬಿಚ್ಚಿಟ್ಟು, ಕುರಿಹಿಕ್ಕೆಯ ಮೇಲೆ ಕಾಲು ಎತ್ತೆತ್ತಿ ಇಡುತ್ತ ಒಳಗೆ ಬಂದರು. ಗಿರಿಯಮ್ಮ ಹೊಸ ಸೀರೆ ಉಟ್ಟು ಕುರಿ ಕೂಡುವ ರೊಪ್ಪದ ಮುಂದೆ ಠೀವಿಯಿಂದ ಕೂತಳು. ಕೆಂಪು ದೀಪ ಹತ್ತಿತು.

ನರಸಪ್ಪ ಸೆಟೆದು ನಿಂತು ಮೈಕು ಹಿಡಿದು ಕೇಳಿದ. "ಕುರಿ ಎಷ್ಟಿವೆ?"

ಹಟ್ಟಿಗೆ ಹಟ್ಟಿಯೇ ಉಸಿರು ಹಿಡಿಯಿತು. ಕುರಿ ಕಾಯುವವರನ್ನು ಏನು ಬೇಕಾದರೂ ಕೇಳಬಹುದು, ಕುರಿ ಎಷ್ಟು ಎಂದು ಕೇಳಬಾರದು. ಕೇಳಿದರೆ ಕಣ್ಣು ಬಿತ್ತು ಎಂದೇ ಅರ್ಥ. ಮಾಲೀಕನೂ ಎಣಿಸುವುದಿಲ್ಲ, ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳುತ್ತಾನೆ. ಇದು ಹಟ್ಟಿಯ ಹಾಲು ಕುಡಿಯುವ ಕೂಸಿಗೂ ಗೊತ್ತು. ನರಸಪ್ಪನಿಗೂ ಗೊತ್ತಿತ್ತು. ಆದರೆ ಆ ಹಾಳು ವೈರ್‌ಲೆಸ್ ನಾಲಿಗೆ.

ಬೋರಣ್ಣ ಕೋಲು ಎತ್ತಿಕೊಂಡು, ರೊಪ್ಪದ ಬಾಗಿಲು ತೆಗೆದು, ಅಷ್ಟೂ ಕುರಿಯನ್ನು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಗುಡ್ಡದ ಕಡೆಗೆ ಹೊಡೆದುಕೊಂಡು ಹೊರಟ. ಚನ್ನಮಲ್ಲಯ್ಯ ತಲೆ ಮೇಲೆ ಕೈ ಹೊತ್ತ. ಕುರಿಯ ಕಾರ್ಯಕ್ರಮದಲ್ಲಿ ಕುರಿಯೇ ಇಲ್ಲ, ಈ ಸಲ ತೋರಿಸಲು ಎಮ್ಮೆಯೂ ಇಲ್ಲ.

"ಲೇ ನರಸ, ಹುಟ್ಟಿದ್ ಹಟ್ಟೀಲೇ ಬಂದು ಇಂಗ್ ಕೇಳ್ಬುಟ್ಯಲ್ಲೋ" ಅಂದಳು ಗಿರಿಯಮ್ಮ. "ಕಟ್ಟಳೆ ಗೊತ್ತೈತಲ್ಲ? ಲೆಕ್ಕ ಕೇಳ್ದೋನು ನೆಲದ ಮೇಲೆ ಕುಂತ್ಕಂಡು, ರೊಪ್ಪದೋರು ಕೇಳಿದ್ದಕ್ಕೆಲ್ಲ ಮುಚ್ಚುಮರೆ ಇಲ್ದಂಗೆ ಯೋಳ್ಬೇಕು. ಆವಾಗ್ಲೇ ಕಣ್ಣು ಕಳಿಯೋದು. ಕುಂತ್ಕ."

ಮಾಜಿ ವಿಮಾನ ಚಾಲಕ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಹಿಕ್ಕೆಯ ಮೇಲೆ ಕೂತ. ಗಿರಿಯಮ್ಮ ಅವನ ಕೈಯಿಂದ ಮೈಕು ಕಿತ್ತುಕೊಂಡಳು. ಕ್ಯಾಮೆರಾದವನು ದೀಪ ಆರಿಸಲು ಹೋದ. ಚನ್ನಮಲ್ಲಯ್ಯ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದ.

"ಯೋಳು. ಅಷ್ಟ್ ವರ್ಸ ಇಮಾನ್ದಾಗೆ ಏನ್ ಹೊತ್ತಾಕ್ತಿದ್ದೆ?"

"ಅಕ್ಕಿ. ಬೇಳೆ. ಸೀಮೆಎಣ್ಣೆ. ಗಡಿ ಬೆಟ್ಟದ ಮೇಲಿನ ಸಿಪಾಯಿಗಳಿಗೆ."

"ಇನ್ನೇನು?"

ನರಸಪ್ಪ ನೆಲ ನೋಡಿದ. "ಕುರಿ" ಅಂದ.

"ಕುರಿಯ? ಇಮಾನ್ದಾಗಾ?"

"ಹೂಂ ಅಕ್ಕ. ಅಲ್ಲಿ ವಿಮಾನ ಇಳಿಯೋಕೆ ಜಾಗ ಇಲ್ಲ. ಅದಕ್ಕೆ ಕುರಿಗೆ ಛತ್ರಿ ಕಟ್ಟಿ ಮೇಲಿಂದ ಬುಡ್ತಿದ್ವಿ."

ಹಟ್ಟಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಯಾರೋ ಹಿಂದಿನಿಂದ, "ಕುರಿ ಛತ್ರಿ ಹಿಡ್ಕಂತದಾ?" ಎಂದು ಕೇಳಿದರು. ಗಿರಿಯಮ್ಮನ ಕಣ್ಣು ಹುಣಸೆಬೀಜದಷ್ಟಿದ್ದದ್ದು ರಾಗಿಮುದ್ದೆಯಷ್ಟಾಯಿತು. "ಲೇ, ಅವು ಬೀಳೋಕೆ ಒಪ್ತಿದ್ವಾ?"

"ಎಲ್ಲಿ ಒಪ್ತವೆ? ಒಂದ್ಸಲ ಮುಂದಿನ ಟಗರು ಬಾಗಿಲ ಹತ್ರ ಕಾಲು ಊರಿ ನಿಂತ್ಕಂಬುಡ್ತು. ಹಿಂದಿನವೂ ನಿಂತವು. ತಳ್ಳೋ ಹುಡುಗ್ರು ಪಂಜಾಬಿನೋರು, ಅವರಿಗೇನು ಗೊತ್ತು? ನಂಗೆ ತಡೀಲಿಲ್ಲ. ಸೀಟಲ್ಲೇ ಕುಂತ್ಕಂಡು ಹಿಂದಕ್ ತಿರುಗಿ ಹಟ್ಟಿ ಕೂಗು ಕೂಗ್ಬುಟ್ಟೆ." ಅವನ ಮಾತಿನಿಂದ ವೈರ್‌ಲೆಸ್ಸು ಯಾವಾಗ ಕಳಚಿತೋ, ಅವನಿಗೇ ತಿಳಿಯಲಿಲ್ಲ. "ಕೂಗಿದ್ದೇ ತಡ, ಬಾಗಿಲ ಕಡೆಗೆ ಹೋಗೋದ್ ಬುಟ್ಟು ಅಷ್ಟೂ ಕುರಿ ನನ್ ಕಡೆಗೇ ನುಗ್ಗಿದ್ವು ಕಣಕ್ಕ. ಭಾರ ಎಲ್ಲ ಮುಂದಕ್ ಬಂದು ಇಮಾನ ಮೂಗು ಬಗ್ಗಿಸ್ತು. ಟಗರು ನನ್ ತೊಡೆ ಮೇಲೆ ಎರಡು ಕಾಲು ಇಟ್ಟು ಗಾಜಿನಿಂದ ಆಚೆ ನೋಡ್ತೈತೆ. ಪಕ್ಕದೋನು ದೇವರ ಹೆಸ್ರು ಯೋಳ್ತವ್ನೆ."

"ಅಸ್ಸಾಮಿನ್ ಕುರಿಗೆ ನಮ್ಮ ಕೂಗು ಹೆಂಗ್ ತಿಳೀತು?"

"ನಂಗೇನ್ ಗೊತ್ತು?"

"ಸುಳ್ಳು ಯೋಳ್ಬ್ಯಾಡ. ಕೂಗು ಮರ್ತಿರ್ತೀಯ. ಎಲ್ಲಿ, ಕೂಗು ನೋಡನ."

ನರಸಪ್ಪ ಎರಡೂ ಕೈ ಬಾಯಿಗೆ ಹಿಡಿದು, ನಾಲಿಗೆ ಅಂಗುಳಕ್ಕೆ ಒತ್ತಿ, "ಡ್ರ್ರ್ರ್... ಹೋಯ್ ಬಾ ಬಾ ಬಾ ಹೋಯ್" ಎಂದು ಕೂಗಿದ. ಒಳ್ಳೆಯ ಕೂಗು. ಗುಡ್ಡದವರೆಗೂ ಹೋಯಿತು. ಗುಡ್ಡದ ಬುಡದಲ್ಲಿ ಬೋರಣ್ಣನ ಮುಂದೆ ಮುಖ ಬಾಡಿಸಿಕೊಂಡು ಹೋಗುತ್ತಿದ್ದ ಕುರಿಗಳೆಲ್ಲ ಒಮ್ಮೆಗೇ ನಿಂತವು, ಕಿವಿ ತಿರುಗಿಸಿದವು, ಆಮೇಲೆ ಬಂದವು ನೋಡಿ. ಧೂಳೆದ್ದಿತು. ಬೋರಣ್ಣ ಕೋಲು ಬೀಸಿಕೊಂಡು ಹಿಂದೆಯೇ ಓಡಿ ಬಂದ. ಕುರಿಗಳು ಕ್ಯಾಮೆರಾದ ಮೂರು ಕಾಲುಗಳ ನಡುವೆ ತೂರಿದವು, ವೈರು ಹಿಡಿದವನನ್ನು ವೈರಿನಲ್ಲೇ ಸುತ್ತಿದವು. ಚನ್ನಮಲ್ಲಯ್ಯ ಹಿಂದಕ್ಕೆ ಸರಿದು ಸರಿದು ಕುರಿ ನೀರು ಕುಡಿಯುವ ಬಾನಿಯೊಳಗೆ ಕೂತುಬಿಟ್ಟ. ಒಂದು ಮರಿ ಅವನ ಕೈಯಲ್ಲಿದ್ದ ಪ್ರಶ್ನೆಯ ಹಾಳೆಯನ್ನು ಸಮಾಧಾನವಾಗಿ ತಿಂದಿತು. ಕ್ಯಾಮೆರಾದವನು ಮಾತ್ರ ಶೂರ. ಕ್ಯಾಮೆರಾವನ್ನು ಕಳಚಿ ಹೆಗಲಿಗೇರಿಸಿ, ಬರಿಗಾಲಲ್ಲಿ ನಿಂತು ಚಿತ್ರ ತೆಗೆಯುತ್ತಲೇ ಇದ್ದ.

ಕುರಿಗಳ ನಡುವೆ ಕೂತಿದ್ದ ನರಸಪ್ಪನಿಗೆ ಮೊದಲು ಮೂಗಿನಲ್ಲಿ ಏನೋ ಬುಸ್ಸೆಂದಿತು. ಭುಜ ಕುಣಿಯಿತು. ಕಣ್ಣಲ್ಲಿ ನೀರು ಬಂತು. ಕೊನೆಗೆ ತೊಡೆ ಬಡಿದುಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಹೊಟ್ಟೆಯಿಂದ ನಕ್ಕ. ನಿಲ್ಲಿಸಲು ಆಗಲೇ ಇಲ್ಲ. ಅವನ ನಗು ನೋಡಿ ಹಟ್ಟಿ ನಕ್ಕಿತು, ಬಾನಿಯೊಳಗೆ ಕೂತೇ ಚನ್ನಮಲ್ಲಯ್ಯನೂ ನಕ್ಕ.

ಆಮೇಲೆ ವ್ಯಾನಿನಲ್ಲಿದ್ದ ಸಣ್ಣ ಟಿವಿಯಲ್ಲಿ ತೆಗೆದಿದ್ದನ್ನು ಹಾಕಿ ನೋಡಿದರು. ಗಿರಿಯಮ್ಮ ಎಲ್ಲರನ್ನೂ ತಳ್ಳಿಕೊಂಡು ಬಂದು ತಲೆ ಒಳಗಿಟ್ಟಳು. ಪರದೆಯ ಮೇಲೆ ತಮ್ಮ ತೊಡೆ ಬಡಿದುಕೊಂಡು ನಗುತ್ತಿದ್ದ. ಅವಳ ಮುಖದ ನಗು ನಿಂತುಹೋಯಿತು.

"ಯಾಕಕ್ಕ?" ಅಂದ ನರಸಪ್ಪ.

"ಅಪ್ಪ ಕಣ್ಲಾ" ಅಂದಳು. "ಅಪ್ಪ ಕುಂತವ್ನೆ ಅಲ್ಲಿ."

ಕ್ಯಾತಪ್ಪನದು ಒಂದು ಫೋಟೋ ಕೂಡ ಇರಲಿಲ್ಲ. ಬದುಕಿದ್ದಾಗ ಯಾರಿಗೂ ತೆಗೆಸಬೇಕು ಅನ್ನಿಸಿರಲಿಲ್ಲ. ಬೋರಣ್ಣ ಬಗ್ಗಿ ನೋಡಿದ, ಹೊರಕ್ಕೆ ಬಂದು, "ಬರ್ರಲೇ, ಮಾವ ಬಂದವ್ರೆ, ನೋಡ್ ಬರ್ರಿ" ಎಂದು ಕರೆದ. ಹಟ್ಟಿಯವರು ಒಬ್ಬೊಬ್ಬರಾಗಿ ಬಂದು ನೋಡಿದರು. ಇನ್ನೊಂದ್ಸಲ ಹಾಕ್ರಿ, ಇನ್ನೊಂದ್ಸಲ ಹಾಕ್ರಿ ಎಂದು ಬ್ಯಾಟರಿ ಮುಗಿಯುವ ತನಕ ನೋಡಿದರು. ಅಪ್ಪ ತೀರಿಕೊಂಡಾಗ ಅಳದಿದ್ದ ನರಸಪ್ಪ ಆವತ್ತು ವ್ಯಾನಿನ ಮರೆಗೆ ಹೋಗಿ ಕಣ್ಣು ಒರೆಸಿಕೊಂಡ. ಚನ್ನಮಲ್ಲಯ್ಯ ಒದ್ದೆ ಪ್ಯಾಂಟು ಹಿಂಡಿಕೊಳ್ಳುತ್ತ, "ಮುಂದಿನ ವಾರ ಪಾವಗಡ, ಬೆಳಿಗ್ಗೆ ಬೇಗ ಹೊರಡಬೇಕು" ಎಂದಷ್ಟೇ ಹೇಳಿದ.

ಪಾವಗಡ ಆಯಿತು, ಅದರಾಚೆ ಎಷ್ಟೋ ಊರಾಯಿತು. ಎಂಬತ್ತರ ದಶಕ ಮುಗಿಯುವ ತನಕ ನರಸಪ್ಪನದೇ ಕಾರುಬಾರು. ಪಾವಗಡದ ಅಜ್ಜಿಯರು ತೆಲುಗಿನಲ್ಲಿ ಬೈದರು, ಅವನು ಕನ್ನಡದಲ್ಲಿ ನಕ್ಕ. ಕುರಿ ಕಂಡರೆ ಮಾತ್ರ ಎಷ್ಟು ಎಂದು ಕೇಳಲಿಲ್ಲ.

ಐ.ಡಿ.ಹಳ್ಳಿ ಪಂಚಾಯ್ತಿ ಕಚೇರಿಯ ಟಿವಿಯ ಮುಂದೆ ಗಿರಿಯಮ್ಮ ತಪ್ಪದೆ ಬಂದು ಕೂರುತ್ತಾಳೆ ಎಂದು ಅವನಿಗೆ ಬೋರಣ್ಣ ಹೇಳಿದ್ದು ಬಹಳ ದಿನದ ಮೇಲೆ. ಗೊಬ್ಬರದ ಮಾತು, ಬೀಜದ ಮಾತು ಯಾವುದೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ತಮ್ಮ ನಗುವ ತನಕ ಕಾಯುವಳು. ಅವನು ನಕ್ಕ ಕೂಡಲೇ, "ಅಪ್ಪನ್ನ ನೋಡ್ದಂಗಾಯ್ತು, ನಡೀರಿ" ಎಂದು ಸೆರಗು ಕೊಡವಿ ಎದ್ದು ಹೋಗುವಳು. ಆರೂವರೆ ಅಂದರೆ ಕುರಿ ರೊಪ್ಪಕ್ಕೆ ಬರುವ ಹೊತ್ತು. ಕೆಲವೊಮ್ಮೆ ನರಸಪ್ಪ ಕೊನೆಯವರೆಗೂ ನಗದೆ, ಪಾಪ, ಅವಳಿಗೆ ತಡವಾಗುತ್ತಿತ್ತಂತೆ.

ಅದನ್ನು ಕೇಳಿದ ಮೇಲೆ ನರಸಪ್ಪ ಒಂದು ಪದ್ಧತಿ ಮಾಡಿಕೊಂಡ. ಕೆಂಪು ದೀಪ ಹತ್ತಿದ ತಕ್ಷಣ, ನಮಸ್ಕಾರ ಹೇಳುವುದಕ್ಕೂ ಮೊದಲೇ, ತೊಡೆ ತಟ್ಟಿ ಒಂದು ಸಲ ನಕ್ಕುಬಿಡುತ್ತಿದ್ದ. ಈ ಮನುಷ್ಯ ಯಾಕೆ ಸುಮ್ಮಸುಮ್ಮನೆ ನಗುತ್ತಾನೆ ಎಂದು ಬೆಂಗಳೂರಿನವರು ಪತ್ರ ಬರೆದು ಕೇಳುತ್ತಿದ್ದರು. ಅವನು ಉತ್ತರ ಬರೆಯಲಿಲ್ಲ. ಅವನು ನಮಸ್ಕಾರ ಹೇಳುವಷ್ಟರಲ್ಲಿ ಗಿರಿಯಮ್ಮ ಎದ್ದು ಹಟ್ಟಿಯ ದಾರಿ ಹಿಡಿದಿರುತ್ತಿದ್ದಳು.