ನಾಕಾದ ವೆಂಕಪ್ಪ ಓದಿದ ಕಾದಂಬರಿಗಳು

ಸುರಪುರದಿಂದ ತಾಳಿಕೋಟಿಗೆ ಹೋಗುವ ದಾರಿಯಲ್ಲಿ, ನಿಜಾಮರ ಸರಹದ್ದು ಮುಗಿಯುವಲ್ಲಿ ಒಂದು ಸುಂಕದ ನಾಕಾ ಇತ್ತು. ಅಲ್ಲಿ ಜವಾನನಾಗಿದ್ದ ರಂಗಂಪೇಟೆಯ ವೆಂಕಪ್ಪನಿಗೆ ಗಾಡಿಗಳ ಗಂಟುಮೂಟೆ ಬಿಚ್ಚಿಸಿ ನೋಡುವ ಕೆಲಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸ ಹುಕುಂ ಬಂತು: ಬ್ರಿಟಿಷ್ ಸೀಮೆಯಿಂದ ಬರುವ ಪುಸ್ತಕಗಳಲ್ಲಿ ಸರಕಾರದ ವಿರುದ್ಧ ಏನಾದರೂ ಇದೆಯೋ ಎಂದು ನೋಡಿಯೇ ಬಿಡಬೇಕು. ದರೋಗಾ ಮನ್ಸೂರಅಲಿ ಸಾಹೇಬರಿಗೆ ಕನ್ನಡದ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ವೆಂಕಪ್ಪ ಚಿಕ್ಕಂದಿನಲ್ಲಿ ಮಠದಲ್ಲಿ ಓದು ಕಲಿತಿದ್ದ. ಹೀಗೆ ನಡುವಯಸ್ಸಿನಲ್ಲಿ, ಪಗಾರ ತೆಗೆದುಕೊಂಡು, ಅವನು ಕಾದಂಬರಿ ಓದತೊಡಗಿದ.

ಓದಿ ಮುಗಿಸಿದ ಮೇಲೆ ಸಾಹೇಬರ ಮುಂದೆ ನಿಂತು ವರದಿ ಒಪ್ಪಿಸುತ್ತಿದ್ದ.

"ಸರಕಾರದ ವಿರುದ್ಧ ಏನೂ ಇಲ್ರಿ. ಹುಡುಗಿ ಕಡೀಕ ಬಾವಿಗೆ ಬೀಳ್ತಾಳ್ರಿ."

"ಯಾಕ ಬಿದ್ಲೋ?"

"ಮುಂದೇನು ಮಾಡಸಬೇಕಂತ ಬರದವಗ ಗೊತ್ತಾಗಿಲ್ರಿ."

ಸಾಹೇಬರು ಪುಸ್ತಕವನ್ನು ಗಡಿಯೊಳಗೆ ಬಿಟ್ಟರು.

ಪತ್ತೇದಾರಿ ಕಾದಂಬರಿಯ ಬಗ್ಗೆ ಅವನಿಗೆ ಸಿಟ್ಟೇ ಬಂದಿತ್ತು. "ಅಡಗಿ ಮಾಡಾಂವನ ಕಳ್ಳ ಅಂತ ನನಗ ಮೊದಲ ತಿಳೀತ್ರಿ. ಪತ್ತೇದಾರಗ ಮಾತ್ರ ತಿಳೀವಲ್ದು. ಅವಗ ಯಾರು ಪಗಾರ ಕೊಡ್ತಾರೋ!" ಮನಸ್ಸಿಗೆ ಹಿಡಿಸಿದ ಪುಸ್ತಕವಾದರೆ ತನಿಖೆ ಇನ್ನೂ ಮುಗಿದಿಲ್ಲವೆಂದು ಇಟ್ಟುಕೊಂಡು ಎರಡನೆಯ ಸಲ ಓದುತ್ತಿದ್ದ.

ಒಂದು ದಿನ ರಂಗಂಪೇಟೆಯಲ್ಲಿ ವಾಚನಾಲಯ ನಡೆಸುತ್ತಿದ್ದ ಬಸವಂತ್ರಾಯ ಮಾಸ್ತರರು ವಿಜಾಪುರದಿಂದ ಒಂದೇ ಕಾದಂಬರಿಯ ಹಲವು ಪ್ರತಿಗಳನ್ನು ಗಾಡಿಯಲ್ಲಿ ತಂದರು. ಬರೆದವರ ಹೆಸರಿನ ಜಾಗದಲ್ಲಿ ಯಾವುದೋ ಕಾವ್ಯನಾಮವಿತ್ತು. ವೆಂಕಪ್ಪ ಓದಿ ಮುಗಿಸುವವರೆಗೆ ಮಾಸ್ತರರು ನಾಕಾದ ಕಟ್ಟೆಯ ಮೇಲೆಯೇ ಕಾದು ಕುಳಿತರು.

"ಸರಕಾರದ ವಿರುದ್ಧ ಏನೂ ಇಲ್ರಿ," ಎಂದ ವೆಂಕಪ್ಪ. "ಓದವ್ರ ವಿರುದ್ಧ ಅದರಿ."

ಸಾಹೇಬರು ತಲೆ ಎತ್ತಿದರು. "ಅಂದ್ರ ರಯತರ ವಿರುದ್ಧ?"

"ಯಾರು ಓದ್ತಾರ, ಅವ್ರ ವಿರುದ್ಧ್ರಿ. ಅರ್ಧಾ ಪುಸ್ತಕ ನಾಯಕ ಚಂದ್ರನ್ನ ನೋಡ್ಕೋತ ಕುಂತಾನ. ಒಂದು ಕೆಲಸಿಲ್ಲ, ಬೊಗಸಿಲ್ಲ."

ರಯತರಿಗೆ, ಅಂದರೆ ಪ್ರಜೆಗಳಿಗೆ, ತೊಂದರೆ ಕೊಡುವ ಪುಸ್ತಕವೆಂದರೆ ಸಾಹೇಬರಿಗೆ ಹುಡುಗಾಟದ ಮಾತಲ್ಲ. ಗಂಟು ಜಪ್ತಾಯಿತು.

ಮಾಸ್ತರರು ಕಟ್ಟೆಯಿಂದ ಇಳಿದು ಬಂದರು. "ವೆಂಕಪ್ಪ, ಅದನ್ನ ಬರದಾಂವ ನಾನು," ಎಂದರು.

ಅದು ತನ್ನೊಬ್ಬನ ಅಭಿಪ್ರಾಯವೆಂದು ವೆಂಕಪ್ಪ ಸಾಹೇಬರಿಗೆ ಎಷ್ಟು ಹೇಳಿದರೂ ಜಪ್ತಿ ಜಪ್ತಿಯೇ ಆಯಿತು. ಮಾಸ್ತರರು ಬರಿಗೈಯಲ್ಲಿ ಊರಿಗೆ ಹೋದರು.

ನಿಜಾಮ ಸರಕಾರ ಮಾಸ್ತರರ ಪುಸ್ತಕಕ್ಕೆ ಹೆದರಿತು ಎಂಬ ಸುದ್ದಿ ಸುರಪುರ ದಾಟಿ ಶಹಾಪುರ, ಯಾದಗಿರಿಗೂ ಮುಟ್ಟಿತು. ಕನ್ನಡ ಬಾರದವರೂ ಅದನ್ನು ಓದಬೇಕೆಂದರು. ಬ್ರಿಟಿಷ್ ಸೀಮೆಯ ತಾಳಿಕೋಟಿ ಸಂತೆಗೆ ಹೋದವರು ಅಲ್ಲಿ ಅದನ್ನು ಕೊಂಡು, ಬೆಲ್ಲದ ಪೆಂಟೆಯ ಕೆಳಗೆ ಅಡಗಿಸಿ ತರತೊಡಗಿದರು. ತಪಾಸಣೆಗೆ ನಿಂತ ವೆಂಕಪ್ಪನ ಕೈಗೆ ಅದು ತಾಗುತ್ತಿತ್ತು. "ಓದ್ರಿ. ಆಮ್ಯಾಗ ನನಗ ಬೈಬ್ಯಾಡ್ರಿ," ಎಂದು ಬೆಲ್ಲದಿಂದ ಅದನ್ನು ಮತ್ತೆ ಮುಚ್ಚುತ್ತಿದ್ದ.

ಬೇಸಿಗೆಗೆ ಮಾಸ್ತರರು ಮತ್ತೆ ನಾಕಾಕ್ಕೆ ಬಂದರು. ಈಗ ಅವರನ್ನು ಕಂಡರೆ ಜನ ಎದ್ದು ನಿಲ್ಲುತ್ತಿದ್ದರು. ವೆಂಕಪ್ಪನ ಪಕ್ಕದಲ್ಲಿ ಕುಳಿತು, "ಊರೆಲ್ಲಾ ಹೊಗಳಾಕತ್ತದ. ನೀ ಏನಂತಿ ಈಗ?" ಎಂದು ಕೇಳಿದರು.

"ಇನ್ನೊಮ್ಮಿ ಓದ್ದೆರಿ, ಮಾಸ್ತರ್ರ. ಹಂಗ ಅದ."

ಮಾಸ್ತರರು ಇನ್ನಷ್ಟು ಹತ್ತಿರ ಸರಿದರು. "ಒಂದಾದ್ರೂ ಚಲೋದು ಇಲ್ಲೇನು ಅದರಾಗ?"

ವೆಂಕಪ್ಪ ಪ್ರಾಮಾಣಿಕವಾಗಿ ಯೋಚಿಸಿದ. "ಹಳ್ಳದಾಗ ಕುಂತು ಏಳೂದೇ ಇಲ್ಲಲ್ರಿ, ಆ ಎತ್ತು. ಅದು ಖರೇ ಎತ್ತು."

"ಅದು ನಮ್ಮ ಮನೀದು," ಎಂದರು ಮಾಸ್ತರರು. ಆ ಎತ್ತಿನ ಹಟಗಳನ್ನು ಒಂದೊಂದಾಗಿ ಹೇಳತೊಡಗಿದರು. ವೆಂಕಪ್ಪ ಎದ್ದು ಹೋಗಿ ಅವರಿಗೆ ಕುಡಿಯಲು ನೀರು ತಂದುಕೊಟ್ಟು, ಮತ್ತೆ ಕೇಳಲು ಕುಳಿತ.